ಗುಡ್ಡದಲ್ಲಿ ಊಟಕ್ಕೆ ಕರೆಯುವವನು

ನಮ್ಮಣ್ಣನ ಪ್ರೀತಿ ಬೇಕಿದ್ದರೆ ನೀವು ಒಂದೇ ಕೆಲಸ ಮಾಡಬೇಕು: ಚಿಂಚೋಳಿ ಗುಡ್ಡಕ್ಕೆ ಹೋಗಿ ಕಳೆದುಹೋಗಬೇಕು! ಮನೆಯಲ್ಲಿ ಕಣ್ಣೆದುರಿಗೇ ಇರುವವರ ಕಡೆ ಅವನು ತಿರುಗಿಯೂ ನೋಡುವವನಲ್ಲ.

ಆಗ ಮೊಬೈಲ್ ಎಲ್ಲಿತ್ತು? ಗುಡ್ಡ ನೋಡಲು ಬಂದವರು ದಾರಿ ತಪ್ಪಿದರೆಂದು ಯಾರಾದರೂ ಓಡಿ ಬಂದು ಹೇಳಬೇಕು. ಹೇಳಿದ್ದೇ ತಡ, ಅಣ್ಣ ತನ್ನ ಸೈಕಲ್ ರಿಪೇರಿ ಅಂಗಡಿಯ ಬಾಗಿಲು ಹಾಕಿಬಿಡುತ್ತಿದ್ದ. ಜೊತೆಗೆ ಪಕ್ಕದ ಅಂಗಡಿಯ ಟೇಲರ್ ಚಾಚಾ, ಬಸ್‌ಸ್ಟ್ಯಾಂಡಿನ ಇಬ್ಬರು ಹಮಾಲರು. ಇವರ ಸಾಮಾನೇನು? ಒಂದು ಹಗ್ಗ, ಕಾಲು ಮುರಿದವರನ್ನು ಹೊರಲು ಮನೆಯದೇ ಒಂದು ಹೊರಸು ಮಂಚ, ರೊಟ್ಟಿಯ ಗಂಟು, ಹಿತ್ತಾಳೆಯ ತಾಟು ಮತ್ತು ಸೌಟು! ಗುಡ್ಡ ಹತ್ತಿ ತಾಟು ಬಡಿಯುತ್ತ ಅಣ್ಣ ಕೂಗುತ್ತಿದ್ದ: "ಊಟಕ್ಕ ಬರ್ರೀ! ರೊಟ್ಟಿ ಆರಾಕತ್ತಾವ!"

"ಅಣ್ಣಾ, ನೀ ಹುಡುಕಾಕ ಹೋಗ್ತೀಯೋ, ಲಗ್ನದ ಊಟಕ್ಕ ಕರಿಯಾಕ ಹೋಗ್ತೀಯೋ?" ಎಂದು ನಾನು ಹಂಗಿಸಿದ್ದೆ.

"ನಿನಗ ತಿಳಿಯಂಗಿಲ್ಲ. 'ಎಲ್ಲಿದ್ದೀರಿ' ಅಂತ ಕೂಗಿದ್ರ ದಾರಿ ತಪ್ಪಿದಾವ ನಾಚಿ ಸುಮ್ಮ ಕುಂದರ್ತಾನ. ಹಸಿವಿ ಆಗ್ಯಾದ ಅನ್ನಾಕ ಯಾರೂ ನಾಚಂಗಿಲ್ಲ."

ಅದು ಸುಳ್ಳೂ ಆಗಿರಲಿಲ್ಲ. ಸೇಡಂ ಕಡೆಯ ಒಬ್ಬ ಮಾಸ್ತರರು ಅರ್ಧ ದಿನ ಅಲೆದು, ಅಂಗಿ ಹರಿದುಕೊಂಡು, ತಾಟಿನ ಸದ್ದಿಗೆ ಪೊದೆಯಿಂದ ಹೊರಬಂದರು. "ನಾ ಏನ್ ಕಳದು ಹೋಗಿಲ್ರಿ. ಗಾಳಿ ತಗೊಳ್ಳಾಕ ಬಂದೀನಿ" ಎಂದರು.

"ಹೌದ್ರಿ ಸರ, ಇಲ್ಲಿ ಗಾಳಿ ಭಾಳ ಛಲೋ ಅದ. ಕುಂದ್ರಿ, ಊಟ ಮಾಡ್ರಿ" ಎಂದ ಅಣ್ಣ. ಗಾಳಿ ತೆಗೆದುಕೊಳ್ಳಲು ಬಂದವರು ಆರು ರೊಟ್ಟಿ ತೆಗೆದುಕೊಂಡರು!

ಇಂಥ ಅಣ್ಣನಿಂದ ನನಗೆ ಊರಲ್ಲಿ ತಲೆ ಎತ್ತಲಾಗದಂತಾಗಿತ್ತು. ನನಗೆ ಹೆಣ್ಣು ಕೊಡುವವರು ಮನೆ ನೋಡಲು ಬಂದ ದಿನ ಹೆಣ್ಣಿನ ತಂದೆ ಅದೇ ಹೊರಸಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಅಣ್ಣ ಓಡಿಬಂದ. "ಬೀಗರ, ಜರಾ ಏಳ್ರಿ. ಗುಡ್ಡದಾಗ ಒಬ್ಬಾಂವ ಬಿದ್ದಾನ" ಎಂದವನೇ ಹೊರಸನ್ನು ತಲೆಯ ಮೇಲಿಟ್ಟುಕೊಂಡು ಹೋಗಿಬಿಟ್ಟ. ಬೀಗರು ಕಪ್ಪು ಹಿಡಿದು ನಿಂತೇ ಕೇಳಿದರು: "ಯಾರ್ರಿ ಇವ್ರು?"

"ಬಾಜೂ ಮನಿಯವ್ರು" ಎಂದೆ.

ನಗಬೇಡಿ. ಆ ಮಾತು ಇನ್ನೂ ನನ್ನ ಗಂಟಲಲ್ಲಿದೆ.

ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ನಾನು ಶಹಾಬಾದದಲ್ಲಿ ಕಲ್ಲು ಪಾಲಿಶ್ ಮಾಡುವ ಕೆಲಸಕ್ಕೆ ಸೇರಿದ್ದೆ. ಒಂದು ರವಿವಾರ ಅಲ್ಲಿನ ಗೆಳೆಯರನ್ನು ನಮ್ಮ ಗುಡ್ಡಕ್ಕೆ ಕರೆತಂದೆ. "ಇದು ನಮ್ಮೂರ ಗುಡ್ಡ. ಒಳದಾರಿ ಹಿಡಿದು ನಿಮಗಿಂತ ಮೊದಲ ರೋಡಿಗೆ ಬಂದು ನಿಂತಿರ್ತೀನಿ, ನೋಡ್ತಿರ್ರಿ" ಎಂದು ಜಂಬ ಕೊಚ್ಚಿ ಒಬ್ಬನೇ ಹೊರಟೆ. ಅವರು ರೋಡಿಗೆ ಬಂದರು. ನಾನು ಬರಲಿಲ್ಲ!

ಹೊತ್ತು ಇಳಿಯುವಾಗ ಮೇಲಿನಿಂದ ತಾಟಿನ ಸದ್ದು ಕೇಳಿತು. "ಊಟಕ್ಕ ಬಾರೋ ತಮ್ಮಾ! ರೊಟ್ಟಿ ಆರಾಕತ್ತಾವ!" ಅದರ ಬೆನ್ನಿಗೇ ನನ್ನ ಗೆಳೆಯರ ಕಿಸಕಿಸ ನಗು.

"ಓ" ಎನ್ನಬೇಕಿತ್ತು. ಒಂದೇ ಅಕ್ಷರ. ಏಳನೆಯ ಇಯತ್ತೆಯವರೆಗೆ ಓದಿದವನಿಗೆ ಅಷ್ಟೂ ಬರುವುದಿಲ್ಲವೇ? ನಾನು ಬಂಡೆಯ ಹಿಂದೆ ಕುಕ್ಕರಿಸಿ ಕುಳಿತೆ.

ಅಣ್ಣ ಒಬ್ಬನೇ ಇಳಿಜಾರಿನಲ್ಲಿ ನನ್ನ ಕಡೆಗೇ ಇಳಿದು ಬಂದ. ಹತ್ತಿರ ಬಂದು, ಯಾಕೋ ನಿಂತ. ಹಿಂದಕ್ಕೆ ತಿರುಗುವಾಗ ಕಲ್ಲು ಜಾರಿತು. ತಾಟು ಠಣಠಣ ಉರುಳಿತು. "ಯವ್ವಾ, ಕಾಲು!" ಎಂದ. ಆಗಲೂ ನಾನು ಏಳಲಿಲ್ಲ. ಅವನನ್ನು ಅದೇ ಹೊರಸಿನ ಮೇಲೆ ಹೊತ್ತು ಎಲ್ಲರೂ ಹಾಡುತ್ತ ಇಳಿದರು. ಆ ಹಾಡಿನ ಜಾಡು ಹಿಡಿದು ನಾನೂ ದೂರದಿಂದ ಇಳಿದು, ಅವರ ನಂತರ ಮನೆ ಸೇರಿ, ಟ್ರ್ಯಾಕ್ಟರ್ ಸಿಕ್ಕಿತ್ತೆಂದು ಸುಳ್ಳು ಹೇಳಿದೆ.

"ಅಣ್ಣಾ, ಕಾಲಿಗಿ ಏನಾಯ್ತು?" ಎಂದು ಬೇರೆ ಕೇಳಿದೆ!

"ಜಾರಿದೆ. ನೀ ಊಟ ಮಾಡಿದ್ಯಾ?" ಎಂದ.

ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಅಣ್ಣ ಗುಡ್ಡ ಹತ್ತುವುದು ನಿಂತಿತು. ತಗ್ಗು ಬಿದ್ದ ತಾಟು ಅಡುಗೆಮನೆ ಸೇರಿತು.

ಎಷ್ಟೋ ವರ್ಷದ ಮೇಲೆ, ಮೊನ್ನೆ, ಅಂಗಿಗೆ ಅಳತೆ ತೆಗೆಯುತ್ತ ಟೇಲರ್ ಚಾಚಾ ನಕ್ಕರು. "ಆವತ್ತ ಏನ್ ಫಜೀತಿ ಮಾಡ್ದ ನಿಮ್ಮಣ್ಣ! 'ತಮ್ಮ ಆ ಕಡಿ ದಾರಿ ಹಿಡದು ಹೋಗ್ಯಾನ, ಚಿಂತಿ ಬ್ಯಾಡ' ಅಂದ. ಕಾಲು ಮುರದಾದ, ಲಗೂ ಹೋಗೂನಂದ್ರ ಬ್ಯಾಡಂತ. 'ಸಾವಕಾಶ ನಡೀರಿ. ಜೋರಾಗಿ ಹಾಡ್ಕೋತ ನಡೀರಿ. ಯಾರೂ ಹಿಂದ ತಿರುಗಿ ನೋಡಬ್ಯಾಡ್ರಿ.' ನೋವಿಗಿ ತಲಿ ಕೆಟ್ಟದ ಅಂದ್ಕೊಂಡ್ವಿ ನಾವು."

ಚಾಚಾ ನನ್ನ ಎದೆಗೆ ಹಿಡಿದ ಟೇಪು ಹಾಗೇ ನಿಂತಿತು. "ಯಾಕೋ, ಉಸಿರು ಬಿಡು!" ಎಂದರು.

ಮನೆಗೆ ಬಂದೆ. ಒಳಗೆ ಹೋಗಲಾಗದೆ ಅಂಗಳದಲ್ಲಿ ಕುಳಿತೆ. ಒಳಗಿನಿಂದ ತಾಟಿನ ಸದ್ದು ಬಂತು. "ಊಟಕ್ಕ ಬಾರೋ!"

"ಓ" ಎಂದೆ.

ಒಳಗೆ ಹೋಗಿ ಅವನ ಸೊಟ್ಟಗಾಲಿನ ಹತ್ತಿರ ಕುಳಿತೆ. "ಅಣ್ಣಾ, ಆವತ್ತ ಆ ಬಂಡೆ ಹಿಂದ ನಾ..."

ಅವನು ತಾಟನ್ನು ನನ್ನ ಕಡೆ ಸರಿಸಿದ. "ಉಣ್ಣು ಮೊದಲ. ರೊಟ್ಟಿ ಆರಾಕತ್ತಾವ."