ಮೈಲುತುತ್ತ ಗೊತ್ತಿಲ್ಲದ ಸಿಕಂದರ್

ಆ ದಿನ ಬೆಳಿಗ್ಗೆ ಸಿಕಂದರ್ ಸುಮ್ಮನೆ ಚಹಾ ಕುಡಿದಿದ್ದರೆ ಸಂಜೆಗೆ ಅವನ ಕೆಲಸ ಉಳಿಯುತ್ತಿತ್ತೋ ಏನೋ. ಕಾಲೇಜಿನ ಕ್ಯಾಂಟೀನಿನಲ್ಲಿ ಕೂತು, ಎದುರಿಗಿದ್ದ ಗುಮಾಸ್ತ ರಾಜಪ್ಪನಿಗೆ, "ಆ ಮಷಿನ್ ಏನ್ ಹೇಳ್ತದೆ ರಾಜಪ್ಪಾರೇ, ಅಷ್ಟೂ ಸಾಲ್ಟು ನಾನು ಕಣ್ಣಲ್ಲಿ ನೋಡೇ ಹೇಳ್ತೀನಿ" ಅಂದುಬಿಟ್ಟ.

ರಾಜಪ್ಪನ ಕಿವಿಗೆ ಬಿದ್ದ ಮಾತು ಬಾವಿಗೆ ಬಿದ್ದ ಕೊಡದಂತೆ. ನಾಲ್ಕು ಕಡೆ ಬಡಿದು ಸದ್ದು ಮಾಡದೆ ತಳ ಸೇರುವುದಿಲ್ಲ.

ಶಿಕಾರಿಪುರದ ಆ ಖಾಸಗಿ ಪದವಿ ಕಾಲೇಜಿನಲ್ಲಿ ಅಂದು ರಾಷ್ಟ್ರೀಯ ವಿಚಾರ ಸಂಕಿರಣ. ಗೇಟಿನಿಂದ ಸಭಾಂಗಣದವರೆಗೆ ಫ್ಲೆಕ್ಸು: 'ಉನ್ನತ ಶಿಕ್ಷಣದಲ್ಲಿ ರಸಾಯನಶಾಸ್ತ್ರ ಬೋಧನೆ ಮತ್ತು ಸಂಶೋಧನೆಯ ಹೊಸ ಪ್ರವೃತ್ತಿಗಳು'. ಗೋವಾದಿಂದ ಒಬ್ಬರು ಬರುತ್ತೇನೆ ಅಂದಿದ್ದರು, ಅದಕ್ಕೇ ಅದು ರಾಷ್ಟ್ರೀಯ. ಫ್ಲೆಕ್ಸಿನ ಹಿಂದೆಯೇ ಕೆಮಿಸ್ಟ್ರಿ ಲ್ಯಾಬು. ಅಲ್ಲಿ ನಲ್ಲಿಗೆ ನೀರು ವಾರಕ್ಕೆ ಎರಡು ಸಲ. ಬರ್ನರಿಗೆ ಗ್ಯಾಸು ಬಂದು ಹದಿಮೂರು ವರ್ಷ. ಆಸಿಡ್ ಬಾಟಲಿಯಲ್ಲಿ ಇರುವುದು ಆಸಿಡ್ಡೋ ನೀರೋ ಎಂಬುದೇ ಒಂದು ಸಂಶೋಧನೆ. ಹಳೇ ಪ್ರವೃತ್ತಿಗೇ ಗತಿಯಿಲ್ಲದ ಕಡೆ ಹೊಸದರ ಮೇಲೆ ಭಾಷಣ ಮಾಡಲು ಸಾಲುಸಾಲು ಡಾಕ್ಟರುಗಳು ಕೋಟು ಹಾಕಿಕೊಂಡು ಬಂದಿದ್ದರು.

ಸಿಕಂದರ್ ಆ ಲ್ಯಾಬಿನ ಅಟೆಂಡರ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹನ್ನೆರಡು ವರ್ಷದಿಂದ ಹೊರಗುತ್ತಿಗೆಯಲ್ಲೇ ಇದ್ದಾನೆ. ಬಿ.ಎಸ್ಸಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಹುಡುಗರ ಮುಂದೆ ಒಂದು ಚಿಟಿಕೆ ಬಿಳಿ ಪುಡಿ ಇಡುತ್ತಾರೆ. ಅದು ಯಾವ ಸಾಲ್ಟು ಎಂದು ಕಾಯಿಸಿ, ಕರಗಿಸಿ, ಪರೀಕ್ಷಿಸಿ ಬರೆಯಬೇಕು. ಕಾಯಿಸಲು ಗ್ಯಾಸಿಲ್ಲ, ಕರಗಿಸಲು ಆಸಿಡ್ಡಿಲ್ಲ. ಉಳವಿ, ಕುಪ್ಪಗಡ್ಡೆಯಿಂದ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಬರುವ ಮಕ್ಕಳು ಏನು ಮಾಡಬೇಕು? ಸಿಕಂದರನನ್ನು ನೋಡುತ್ತಿದ್ದರು. ಸಿಕಂದರ್ ಮೂಗು ಮುಟ್ಟಿಕೊಂಡರೆ ಅಮೋನಿಯಂ, ತಲೆ ಕೆರೆದರೆ ಸೋಡಿಯಂ, ಹೆಗಲು ಒತ್ತಿಕೊಂಡರೆ ಸೀಸ, ಕಿವಿ ಹಿಡಿದರೆ ಕ್ಲೋರೈಡು, ಕಾಲರ್ ಎಳೆದರೆ ನೈಟ್ರೇಟು, ಗಡ್ಡ ನೀವಿದರೆ ಸಲ್ಫೇಟು. ಹನ್ನೆರಡು ವರ್ಷದಿಂದ ಆ ಕಾಲೇಜಿನಲ್ಲಿ ಪ್ರಾಕ್ಟಿಕಲ್ಲಿಗೆ ನಲವತ್ತಕ್ಕೆ ನಲವತ್ತು. ಮೇಲಿನವರಿಗೆ ಅದು ಬೋಧನಾ ಗುಣಮಟ್ಟ.

ಈಗ ಬೆಂಗಳೂರಿನ ಕಂಪನಿಯೊಂದು ಟಾರ್ಚಿನಷ್ಟು ದೊಡ್ಡ ಯಂತ್ರ ತಂದಿತ್ತು. ಪುಡಿಯ ಮೇಲೆ ಬೆಳಕು ಬಿಟ್ಟರೆ ಸಾಕು, ಸಾಲ್ಟಿನ ಹೆಸರು ಮೊಬೈಲಿಗೆ ಬರುತ್ತದೆ. ಪ್ರಿನ್ಸಿಪಾಲ್ ಉಮಾಮಹೇಶ್ವರ ಅವರಿಗೆ ಯಂತ್ರ ಎಷ್ಟು ಹಿಡಿಸಿತೆಂದರೆ, ಅದು ಬಂದಮೇಲೆ ಅಟೆಂಡರ್ ಯಾಕೆ, ತಿಂಗಳ ಕೊನೆಗೆ ಬಿಡಿಸೋಣ ಎಂದು ಆಗಲೇ ಬರೆದಿಟ್ಟಿದ್ದರು. ಆ ಸಿಟ್ಟಿಗೇ ಸಿಕಂದರ್ ಕ್ಯಾಂಟೀನಿನಲ್ಲಿ ಬಾಯಿಬಿಟ್ಟದ್ದು.

ಹತ್ತೂವರೆಗೆ ಗೋವಾದವರ ಫೋನು ಬಂತು, ಬರುವುದಿಲ್ಲವಂತೆ. ಒಂದು ಗಂಟೆಯ ಭಾಷಣ ಖಾಲಿ. ಪ್ರಿನ್ಸಿಪಾಲರು ಹಣೆ ಒರೆಸಿಕೊಳ್ಳುತ್ತಿದ್ದಾಗ ರಾಜಪ್ಪ ಕಿವಿಯ ಹತ್ತಿರ ಬಗ್ಗಿದ.

"ಸಾರ್, ನಮ್ ಸಿಕಂದರ್ ಮಷಿನ್ನಿಗೇ ಸೆಡ್ಡು ಹೊಡ್ದಾನಂತ್ರೀ. ಸ್ಟೇಜಿಗೆ ಹತ್ತಿಸ್ರಿ. ಒಂದ್ ತಾಸು ಹೋಗಿದ್ದೇ ಗೊತ್ತಾಗಂಗಿಲ್ಲ."

ಐದು ನಿಮಿಷದಲ್ಲಿ ಸಿಕಂದರ್ ಪ್ರಿನ್ಸಿಪಾಲರ ಮುಂದಿದ್ದ.

"ಏನಯ್ಯ, ಮಷಿನ್ನಿಗಿಂತ ನೀನು ಜಾಣನಂತೆ?"

"ಇಲ್ಲ ಸಾರ್, ಚಹಾ ಕುಡೀತಾ ಸುಮ್ನೆ..."

"ಸುಮ್ನೆ ಅಲ್ಲ, ಮಾಡಿ ತೋರಿಸು. ಗೆದ್ರೆ ನಿನ್ನ ಬಿಡಿಸಲ್ಲ. ಸೋತ್ರೆ ತಿಂಗಳ ಕೊನೆ ಅಲ್ಲ, ಇವತ್ತೇ."

ಸಿಕಂದರನ ಎದೆ ಶಿರಾಳಕೊಪ್ಪದ ಬಸ್ಸಿನ ಕಿಟಕಿಯಂತೆ ಗಡಗಡ ಅಂದಿತು. ಮನೆಯಲ್ಲಿ ಹೆಂಡತಿ ಶಾಹಿಸ್ತಾ ಮಗಳನ್ನು ಹೊಸ ಶಾಲೆಗೆ ಸೇರಿಸಲು ಮೊನ್ನೆಯಷ್ಟೇ ಫಾರಂ ತಂದಿದ್ದಳು. ಅದರಲ್ಲಿ 'ತಂದೆಯ ಉದ್ಯೋಗ' ಎಂಬ ಜಾಗದಲ್ಲಿ ದುಂಡಗೆ 'ಕಾಲೇಜು' ಎಂದು ಬರೆದಿದ್ದಳು.

ವೇದಿಕೆಯ ಮೇಲೆ ಐದು ಗಾಜಿನ ಬಟ್ಟಲು, ಐದರಲ್ಲೂ ಬಿಳಿ ಪುಡಿ. ಎದುರು ಮೂಲೆಯ ಮೇಜಿನಲ್ಲಿ ಯಂತ್ರ ಹಿಡಿದು ಕೂತವಳು ಕೊನೆಯ ವರ್ಷದ ಶರಣ್ಯ, ಕುಪ್ಪಗಡ್ಡೆಯವಳು. ಯಂತ್ರದ ಬುದ್ಧಿಯೆಲ್ಲಾ ಬೆಂಗಳೂರಿನ ಕಂಪ್ಯೂಟರಿನಲ್ಲಿದ್ದು, ಉತ್ತರ ನೆಟ್‌ವರ್ಕಿನಲ್ಲಿ ಅವಳ ಮೊಬೈಲಿಗೆ ಬರಬೇಕು. ಅದನ್ನು ಅವಳು ಕನ್ನಡದಲ್ಲಿ ಟೈಪು ಮಾಡಿದರೆ ದೊಡ್ಡ ಪರದೆಯ ಮೇಲೆ ಮೂಡುತ್ತಿತ್ತು. ಕಂಪನಿಯ ಟೈ ಕಟ್ಟಿದವನು ಇಷ್ಟನ್ನು ಕಲಿಸಿಕೊಟ್ಟು ಫೋಟೋ ತೆಗೆಸಿಕೊಳ್ಳಲು ಹೋಗಿದ್ದ.

ಸಿಕಂದರ್ ಮೊದಲ ಬಟ್ಟಲನ್ನು ಅಲ್ಲಾಡಿಸಿದ. ಪುಡಿ ಗಾಜಿಗೆ ಅಂಟಿಕೊಂಡಿತ್ತು.

"ಅಮೋನಿಯಂ ಕ್ಲೋರೈಡು."

ಯಂತ್ರವೂ ಅದನ್ನೇ ಹೇಳಿತು. ಎರಡನೆಯದನ್ನು ಅಂಗೈಯಲ್ಲಿ ಎತ್ತಿ ತೂಗಿದ. "ಇಷ್ಟು ಪುಡಿಗೆ ಇಷ್ಟು ಭಾರ ಬೇರೆ ಯಾವ್ದೂ ಇಲ್ಲ ಸಾರ್. ಸೀಸದ್ದು. ಲೆಡ್ ನೈಟ್ರೇಟು." ಸರಿಯಾಗಿತ್ತು. ಯಂತ್ರ ಬಹಳ ಹೊತ್ತು ಯೋಚಿಸಿ, ಅದು ಜ್ವರದ ಮಾತ್ರೆ ಅಂದಿತು. ಸಭೆ ಗೊಳ್ಳೆಂದಿತು. ಐದೂ ಮುಗಿಯುವಾಗ ಸಿಕಂದರನದು ಐದಕ್ಕೆ ಐದು, ಯಂತ್ರದ್ದು ಮೂರು. ಹುಡುಗರು ಬೆಂಚು ಹತ್ತಿ ಸಿಳ್ಳೆ ಹಾಕಿದರು. ಕಸ ಗುಡಿಸುವ ಹಾಲಮ್ಮ ಬಾಗಿಲಲ್ಲೇ ಪೊರಕೆ ಕಂಕುಳಲ್ಲಿಟ್ಟು ಚಪ್ಪಾಳೆ ತಟ್ಟಿದಳು. ರಾಜಪ್ಪನಂತೂ ತಾನೇ ಹೆತ್ತ ಮಗನಂತೆ ಬೆನ್ನು ಚಪ್ಪರಿಸಿದ. "ನಾ ಹೇಳಿರ್ಲಿಲ್ಲೇನ್ರೀ!"

ಚಪ್ಪಾಳೆ ತಟ್ಟದೆ ಕೂತವರು ಒಬ್ಬರೇ. ವಿಶ್ವವಿದ್ಯಾಲಯದಿಂದ ವೀಕ್ಷಕಿಯಾಗಿ ಬಂದಿದ್ದ ಡಾ. ತ್ರಿವೇಣಿ. ಅವರು ಎದ್ದು ಮೈಕು ತೆಗೆದುಕೊಂಡರು.

"ಏನ್ರೀ, ನೀವು ಎಷ್ಟು ಓದಿದೀರಿ?"

"ಏಳನೇ ಕ್ಲಾಸು ಮೇಡಂ."

"ಏಳನೇ ಕ್ಲಾಸಿನವರಿಗೆ ಎಲ್ಲಾ ಸಾಲ್ಟೂ ಕಣ್ಣಲ್ಲೇ ಗೊತ್ತು. ಪರೀಕ್ಷೆ ದಿನ ಲ್ಯಾಬಲ್ಲಿ ಇರೋರೂ ನೀವೇ. ಈ ಕಾಲೇಜಿನ ಮಕ್ಕಳಿಗೆ ಹನ್ನೆರಡು ವರ್ಷದಿಂದ ನಲವತ್ತಕ್ಕೆ ನಲವತ್ತು ಯಾಕೆ ಬರ್ತಿದೆ ಅಂತ ನಮಗೆ ತಲೆನೋವಾಗಿತ್ತು. ಇವತ್ತು ಗೊತ್ತಾಯ್ತು ಪ್ರಿನ್ಸಿಪಾಲ್ರೇ. ನಾನು ವರದಿ ಬರೀತೀನಿ."

ಬೆಂಚು ಹತ್ತಿದ್ದವರು ಒಬ್ಬೊಬ್ಬರಾಗಿ ಇಳಿದರು. ಸಿಕಂದರನ ಬೆನ್ನ ಮೇಲಿದ್ದ ರಾಜಪ್ಪನ ಕೈ ಬಿಸಿ ತವೆ ಮುಟ್ಟಿದಂತೆ ಹಿಂದೆ ಸರಿಯಿತು.

ಪ್ರಿನ್ಸಿಪಾಲರ ಮುಖ ಸುಣ್ಣದ ಗೋಡೆಯಾಗಿತ್ತು. ಆದರೆ ಹದಿನೈದು ವರ್ಷ ಪ್ರಿನ್ಸಿಪಾಲಾಗಿ ಬದುಕಿದ ತಲೆ. "ಅಯ್ಯೋ ಮೇಡಂ, ಅವನಿಗೇನೂ ಗೊತ್ತಿಲ್ಲ! ಏನೋ ಅದೃಷ್ಟ, ಕುರುಡು ಲಾಟರಿ ಹೊಡೀತು ಅಷ್ಟೆ. ಬೇಕಾದ್ರೆ ನೀವೇ ಇನ್ನೊಂದು ಸುತ್ತು ನಡೆಸಿ" ಅಂದರು. ತ್ರಿವೇಣಿ ಸ್ಟೋರ್ ರೂಮಿನಿಂದ ತಾವೇ ಮೂರು ಪೊಟ್ಟಣ ಕಟ್ಟಿಕೊಂಡು ಬರಲು ಹೊರಟರು. ಅಷ್ಟರಲ್ಲಿ ಪ್ರಿನ್ಸಿಪಾಲರು ಸಿಕಂದರನನ್ನು ಫ್ಲೆಕ್ಸಿನ ಹಿಂದಕ್ಕೆ ಎಳೆದರು.

"ಸೋಲು."

"ಸಾರ್?"

"ಮೂರಕ್ಕೆ ಮೂರೂ ತಪ್ಪು ಹೇಳು. ಇಲ್ದಿದ್ರೆ ಕಾಲೇಜೇ ಮುಚ್ಚತ್ತೆ. ಆ ಮಕ್ಕಳ ಮಾರ್ಕ್ಸೆಲ್ಲಾ ಹೋಗತ್ತೆ."

"ಸೋತ್ರೆ ಇವತ್ತೇ ಮನೆಗೆ ಅಂದಿದ್ರಲ್ಲ ಸಾರ್?"

"ಅದು ಆವಾಗ. ಈಗ ಸೋತ್ರೇನೇ ಕೆಲ್ಸ. ನನ್ನ ಮಾತು ನಂಬು."

ಓದಿದವರ ಮಾತು. ಸಿಕಂದರ್ ನಂಬಿದ. ಅದಕ್ಕಿಂತ ಹೆಚ್ಚಾಗಿ, ಬಾಗಿಲ ಹತ್ತಿರ ಮುಖ ಒಣಗಿಸಿಕೊಂಡು ನಿಂತಿದ್ದ ಹುಡುಗರು ಅವನ ಕಣ್ಣಿಗೆ ಬಿದ್ದರು.

ಎರಡನೇ ಸುತ್ತಿನ ಸುದ್ದಿ ಹಬ್ಬಿ ಸಭಾಂಗಣ ತುಂಬಿತು. ಇನ್ನೂರು ಮೊಬೈಲುಗಳು ಒಟ್ಟಿಗೇ ಮೇಲೆದ್ದವು, ಅರ್ಧಕ್ಕರ್ಧ ಜನ ನೇರಪ್ರಸಾರ ಶುರು ಮಾಡಿದ್ದರು. ತ್ರಿವೇಣಿ ಮೊದಲ ಪೊಟ್ಟಣ ಬಿಚ್ಚಿದರು.

ಸಿಕಂದರನಿಗೆ ನೋಡುವ ಮೊದಲೇ ಗೊತ್ತು, ಅಡುಗೆ ಉಪ್ಪು. ಸೋಡಿಯಂ ಕ್ಲೋರೈಡು. ಗೊತ್ತಿದ್ದದ್ದನ್ನು ಗೊತ್ತಿಲ್ಲ ಅನ್ನುವುದು ಇಷ್ಟು ಕಷ್ಟ ಎಂದು ಅವನಿಗೆ ಗೊತ್ತಿರಲಿಲ್ಲ. ಬೆವರು ಕಿತ್ತುಕೊಂಡು ಬಂತು. ತಲೆ ಕೆರೆದುಕೊಂಡ. ನಾಚಿಕೆಯಿಂದ ಕಿವಿ ಹಿಡಿದುಕೊಂಡ.

"ಸೋಡಾ ಪುಡಿ ಮೇಡಂ. ಬಜ್ಜಿಗೆ ಹಾಕೋದು."

ಪರದೆಯ ಮೇಲೆ ಯಂತ್ರದ ಉತ್ತರ ಮೂಡಿತು: ಸೋಡಿಯಂ ಕ್ಲೋರೈಡ್. ಸರಿ!

ಎರಡನೆಯ ಪೊಟ್ಟಣ ಕೈಗೆ ಬಂದೊಡನೆ ತೂಕಕ್ಕೇ ಗೊತ್ತಾಯಿತು. ಹೆಗಲು ಸೆಳೆದಂತಾಗಿ ಒತ್ತಿಕೊಂಡ, ಉಸಿರು ಕಟ್ಟಿ ಕಾಲರ್ ಎಳೆದುಕೊಂಡ. "ರಂಗೋಲಿ ಪುಡಿ ಇದ್ದಂಗೈತೆ" ಅಂದ. ಪರದೆ: ಲೆಡ್ ನೈಟ್ರೇಟ್. ಸರಿ! ಜ್ವರದ ಮಾತ್ರೆ ಅಂದಿದ್ದ ಯಂತ್ರ ಒಂದೇ ಗಂಟೆಯಲ್ಲಿ ಪಂಡಿತನಾಗಿಬಿಟ್ಟಿತ್ತು.

ಮೂರನೆಯ ಪೊಟ್ಟಣ ಬಿಚ್ಚಿದಾಗ ಕೊನೆಯ ಸಾಲಿನವರೂ ಮುಸಿಮುಸಿ ನಕ್ಕರು. ನವಿಲು ನೀಲಿ ಬಣ್ಣ. ಮೈಲುತುತ್ತ. ಅಲ್ಲಿ ಕೂತ ಮಕ್ಕಳಲ್ಲಿ ಅರ್ಧ ಜನ ಅದನ್ನು ಸುಣ್ಣದ ಜೊತೆ ಕದಡಿ ಅಪ್ಪಂದಿರ ಅಡಿಕೆ ಮರಕ್ಕೆ ಹೊಡೆಸಿದವರೇ. ಸಿಕಂದರ್ ಕಣ್ಣು ಮುಚ್ಚಿ, ಗಡ್ಡ ನೀವಿಕೊಂಡು, ದೇವರ ಹೆಸರು ಹೇಳಿ, ಬಾಯಿ ತೆರೆದ.

"ಬಿಳಿ ಬಟ್ಟೆಗೆ ಹಾಕೋ ನೀಲಿ, ಮೇಡಂ."

ಸಭೆ ನಕ್ಕ ನಗುವಿಗೆ ಫ್ಯಾನಿನ ಮೇಲಿದ್ದ ಗುಬ್ಬಿ ಹಾರಿಹೋಯಿತು. ಪರದೆ: ಕಾಪರ್ ಸಲ್ಫೇಟ್. ಯಂತ್ರಕ್ಕೆ ಮೂರಕ್ಕೆ ಮೂರು.

ತ್ರಿವೇಣಿಯವರೂ ನಕ್ಕರು. "ಪಾಪ, ಇವರಿಗೆ ನಿಜವಾಗ್ಲೂ ಏನೂ ಗೊತ್ತಿಲ್ಲ" ಎಂದು ವರದಿಯ ಹಾಳೆ ಹರಿದು, ಯಂತ್ರವನ್ನು ಎಲ್ಲಾ ಕಾಲೇಜಿಗೂ ಶಿಫಾರಸು ಮಾಡುತ್ತೇನೆ ಅಂದರು. ಟೈ ಕಟ್ಟಿದವನು ಓಡಿಬಂದು ಪ್ರಿನ್ಸಿಪಾಲರಿಗೆ ಶಾಲು ಹೊದಿಸಿದ.

ಸಂಜೆ ನಾಲ್ಕಕ್ಕೆ ಸಿಕಂದರ್ ಚೇಂಬರಿಗೆ ಹೋದ. ಪ್ರಿನ್ಸಿಪಾಲರು ಇನ್ನೂ ಶಾಲಿನಲ್ಲೇ ಇದ್ದರು.

"ಸಾರ್, ನೀವು ಹೇಳಿದಂಗೆ ಸೋತೆ."

"ಬಹಳ ಚೆನ್ನಾಗಿ ಸೋತೆ. ಅದೇ ತೊಂದರೆ ಆಗಿರೋದು. ಸೊರಬ ಶಿಕಾರಿಪುರದಲ್ಲಿ ಮೈಲುತುತ್ತ ಗೊತ್ತಿಲ್ಲದವನು ಹುಟ್ಟಿದಾನೇನಯ್ಯ? ನಿನ್ನ ವೀಡಿಯೋ ಆಗಲೇ ಊರೆಲ್ಲಾ ಓಡಾಡ್ತಿದೆ. ಇಂಥವನನ್ನ ಲ್ಯಾಬಲ್ಲಿ ಇಟ್ಕೊಂಡ್ರೆ ಯಾವ ತಂದೆತಾಯಿ ಮಕ್ಕಳನ್ನ ಸೇರಿಸ್ತಾರೆ ಇಲ್ಲಿ?"

"ನೀವೇ ಮಾತು ಕೊಟ್ಟಿದ್ರಲ್ಲ ಸಾರ್!"

"ನಾನು ಕೊಟ್ಟ ಮಾತಿಗೆ ಸಾಕ್ಷಿ ಆ ಫ್ಲೆಕ್ಸು. ನೀನು ಆಡಿದ ಮಾತಿಗೆ ಸಾಕ್ಷಿ ಇಡೀ ಸಭೆ. ನಾಳೆಯಿಂದ ಬರಬೇಡ."

ಬಸ್ ನಿಲ್ದಾಣದಲ್ಲಿ ಸೊರಬದ ಬಸ್ಸು ಹೊರಡಲು ಗುರುಗುಟ್ಟುತ್ತಿತ್ತು. ಸಿಕಂದರ್ ಕಂಬಕ್ಕೆ ಒರಗಿ ನಿಂತಿದ್ದ. ಶಾಹಿಸ್ತಾ ಮೂರು ಸಲ ಫೋನು ಮಾಡಿದ್ದಳು, ವೀಡಿಯೋ ಅವನಿಗಿಂತ ಮೊದಲೇ ಮನೆ ತಲುಪಿತ್ತು. ಬಸ್ಸಿನ ಕಿಟಕಿಯಿಂದ ಶರಣ್ಯ ಕೂಗಿದಳು.

"ಸಿಕಂದರಣ್ಣಾ! ಥ್ಯಾಂಕ್ಸ್ ಅಣ್ಣಾ! ಕಂಪನಿಯೋರು ನಂಗೆ ಕೆಲ್ಸ ಕೊಡ್ತಾರಂತೆ!"

"ನಾನೇನ್ ಮಾಡ್ದೆ ತಾಯಿ, ಎಲ್ಲಾ ಮಷಿನ್ನು ಹೇಳ್ತು."

"ಎಲ್ಲಿ ಮಷಿನ್ನು! ಎಲ್ರೂ ಲೈವ್ ಬಿಟ್ಕಂಡು ನೆಟ್‌ವರ್ಕೇ ಹೋಗಿತ್ತು. ಮೊಬೈಲಲ್ಲಿ ಚಕ್ರ ಸುತ್ತಾ ಇತ್ತು ಅಷ್ಟೆ. ನನ್ ಮಾನ ಹೋಯ್ತು ಅಂದ್ಕಂಡೆ. ಆಗ ನೀವು ತಲೆ ಕೆರ್ದು ಕಿವಿ ಹಿಡ್ಕಂಡ್ರಿ ನೋಡಿ, ನಾನು ಟೈಪ್ ಮಾಡ್ದೆ. ಹೆಗ್ಲು, ಕಾಲರ್ರು, ಗಡ್ಡ, ಒಂದೂ ಬಿಡ್ದೆ ಹೇಳಿದ್ರಲ್ಲ! ಬಾಯಲ್ಲಿ ಏನೇನೋ ಹೇಳ್ಕಂಡು, ಕೈಯಲ್ಲಿ ನನ್ನ ಉಳಿಸಿದ್ರಿ!"

ಸಿಕಂದರ್ ತನ್ನ ಎರಡು ಕೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿದ. ಹನ್ನೆರಡು ವರ್ಷ ಸಾಕಿದ ಕೈಗಳು. ಅವನಿಗೆ ಒಂದು ಮಾತು ತಿಳಿಸದೆ, ಅವನ ಕೆಲಸವನ್ನು ಯಂತ್ರಕ್ಕೆ ಬರೆದುಕೊಟ್ಟಿದ್ದವು.

ಬಸ್ಸು ಹೊರಟಿತು. ಏನು ಹೇಳಬೇಕೋ ತೋಚದೆ ಅವನು ತಲೆ ಕೆರೆದುಕೊಂಡ. ಆಮೇಲೆ, ಇನ್ನೆಂದೂ ಚಹಾ ಕುಡಿಯುವಾಗ ಬಾಯಿಬಿಡುವುದಿಲ್ಲ ಎಂದು ಎರಡು ಕಿವಿಯನ್ನೂ ಹಿಡಿದುಕೊಂಡ.

ಬಸ್ಸಿನೊಳಗಿದ್ದ ಕಾಲೇಜು ಹುಡುಗರೆಲ್ಲಾ ಕಿಟಕಿಯಿಂದ ತಲೆ ಹೊರಹಾಕಿ ಒಟ್ಟಿಗೇ ಕೂಗಿದರು: "ಸೋಡಿಯಂ ಕ್ಲೋರೈಡು!"