ಮರಳೂರಿನ ಕೋ-ಪೈಲಟ್‌ಗಳು

ಕೆಲವರ ಮನೆಗೆ ನೆಂಟರು ಹೇಳದೆ ಕೇಳದೆ ಬರುತ್ತಾರೆ. ನಮ್ಮ ಮನೆಗೆ ನಗೆಪಾಟಲುಗಳು ಹಾಗೆ ಬರುತ್ತವೆ. ನಾನು ವಿಮಾನ ಓಡಿಸಲು ಶುರು ಮಾಡಿದ ಮೇಲಂತೂ ಅವು ವಾಪಸ್ ಹೋಗುವ ಮಾತೇ ಆಡುತ್ತಿಲ್ಲ.

ಗಾಬರಿಯಾಗಬೇಡಿ. ನಾನು ಗುಬ್ಬಿಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ನಿಜವಾದ ವಿಮಾನವನ್ನು ಕತ್ತೆತ್ತಿ ನೋಡಿದ್ದೇನೆಯೇ ಹೊರತು ಹತ್ತಿದವನಲ್ಲ. ತುಮಕೂರಿನ ಮರಳೂರಿನಲ್ಲಿ ನಮ್ಮ ಮನೆ. ಅದರ ಸಣ್ಣ ರೂಮಿನಲ್ಲಿ ಒಂದು ಕಂಪ್ಯೂಟರ್, ಒಂದು ಜಾಯ್‌ಸ್ಟಿಕ್, ಪರದೆಯ ಮೇಲೆ ನಾಲ್ಕು ಸೀಟಿನ ಪುಟಾಣಿ ವಿಮಾನ. ಸಂಜೆ ಬಸ್ಸಿಳಿದು ಬಂದು ಅದರ ಮುಂದೆ ಕೂತರೆ ಇವತ್ತಿಗೂ ನನ್ನ ಎದೆ ಡವಡವ ಅನ್ನುತ್ತದೆ!

೧. ಹೆಂಡತಿಯ ಷರತ್ತು

ವಿಮಾನ ಏರಿಸುವುದು ಏನೂ ಅಲ್ಲ. ಇಳಿಸುವಾಗ ನೋಡಬೇಕು ನನ್ನ ಪಾಡು. ವೇಗದ ಮುಳ್ಳು ನೋಡಿದರೆ ಎತ್ತರ ಮರೆಯುತ್ತದೆ, ಎತ್ತರ ನೋಡಿದರೆ ರನ್‌ವೇ ಕಾಣೆಯಾಗುತ್ತದೆ. ಎರಡನ್ನೂ ನೋಡುವಷ್ಟರಲ್ಲಿ ವಿಮಾನ ಯಾವುದೋ ಹೊಲದಲ್ಲಿ ಮೂತಿ ಊರಿರುತ್ತದೆ.

ನನ್ನ ಹೆಂಡತಿ ವರಾಂಡದಲ್ಲಿ ಮಷೀನು ಇಟ್ಟುಕೊಂಡು ಬಡಾವಣೆಯ ಹೆಂಗಸರಿಗೆಲ್ಲ ಬ್ಲೌಸು ಹೊಲಿದುಕೊಡುತ್ತಾಳೆ. ಒಂದು ದಿನ ರೂಮಿನ ಬಾಗಿಲಲ್ಲಿ ನಿಂತು ಹೇಳಿದಳು. "ರೀ, ನಾನು ಬಿಸ್ಲಲ್ಲಿ ಕೂತು ಹೊಲೀತೀನಿ, ನೀವು ಫ್ಯಾನ್ ಕೆಳಗೆ ಕೂತು ವಿಮಾನ ಒಡೀತೀರಿ. ಯುಗಾದಿಗೆ ಎಲ್ರೂ ಬರ್ತಾರೆ. ಅವ್ರ ಮುಂದೆ ಒಂದೇ ಒಂದ್ಸಲ ನೆಟ್ಟಗೆ ಇಳ್ಸಿ ತೋರ್ಸಿ. ಆಗ್ಲಿಲ್ವಾ, ಈ ರೂಮು ನನ್ ಮಷೀನಿಗೆ."

ಆಗ ಹೊಳೆಯಿತು ನೋಡಿ! ನಿಜವಾದ ವಿಮಾನದಲ್ಲಿ ಪಕ್ಕದಲ್ಲಿ ಕೂತ ಕೋ-ಪೈಲಟ್ ಎತ್ತರವನ್ನೂ ವೇಗವನ್ನೂ ಬಾಯಲ್ಲಿ ಹೇಳುತ್ತಿರುತ್ತಾನೆ. ಕಂಪ್ಯೂಟರಿಗೂ ಅಂಥ ಸಣ್ಣ ಪ್ರೋಗ್ರಾಮು ಸಿಗುತ್ತದೆ. ನಾವು ದನಿ ರೆಕಾರ್ಡು ಮಾಡಿ ಹಾಕಿದರೆ, ವಿಮಾನ ಆಯಾ ಎತ್ತರಕ್ಕೆ ಬಂದಾಗ ಅದು ತಾನೇ ಕೂಗುತ್ತದೆ. ಕುಣಿದಾಡುತ್ತಾ ಹೋಗಿ ಹೆಂಡತಿಗೆ ಹೇಳಿದೆ.

"ನಾನ್ ಪಕ್ಕದಲ್ ಕೂತು ಇಷ್ಟು ವರ್ಷದಿಂದ ಹೇಳ್ತಿರೋದನ್ನೇ ಕೇಳಿಲ್ಲ. ಇನ್ನು ಡಬ್ಬ ಹೇಳಿದ್ದನ್ನ ಕೇಳ್ತೀರಾ?" ಅಂದಳು.

೨. ಹರಾಜಿನ ದನಿ

ದನಿ ಅಂದರೆ ನಮ್ಮ ಮಾವನವರದ್ದು. ತೆಂಗಿನಕಾಯಿ ಮಂಡಿಯಲ್ಲಿ ಹರಾಜು ಕೂಗುವವರು. ಅವರು ಸಿ.ಎಸ್. ಪುರದಲ್ಲಿ ಕೆಮ್ಮಿದರೆ ಗುಬ್ಬಿಯವರು ತಿರುಗಿ ನೋಡುತ್ತಾರೆ ಅಂತ ಅತ್ತೆಯವರೇ ಹೇಳುತ್ತಾರೆ. ಫೋನು ಹಿಡಿದು ಅವರ ಮುಂದೆ ಕೂತೆ. "ಸಾವಿರ ಅನ್ನಿ ಮಾವ. ಆಮೇಲೆ ಐನೂರು, ಆಮೇಲೆ ನೂರು, ಐವತ್ತು."

ಮಾವ ಮುಖ ಸಿಂಡರಿಸಿದರು. "ಇದೇನ್ ಅಳಿಯಂದ್ರೇ, ಕೆಳಕ್ಕೇ ಹೋಯ್ತದೆ? ನನ್ ಬಾಯಲ್ಲಿ ರೇಟು ಏರಿರೋದೇ ಹೊರತು ಒಂದಿನಾನೂ ಇಳ್ದಿಲ್ಲ. ಅಪಶಕುನ ಬುಡಿ."

ಸರಿ, ಐವತ್ತರಿಂದ ಸಾವಿರಕ್ಕೆ ಏರಿಸಿಯೇ ಕೂಗಿಸಿದೆ. ಮನೆಗೆ ಬಂದು ತುಂಡು ಮಾಡಿ ಹಿಂದುಮುಂದು ಜೋಡಿಸಿಕೊಂಡೆ. ಆದರೆ ಅವರ ವೃತ್ತಿಯ ಅಭ್ಯಾಸ ತುಂಡುಗಳೊಳಗೇ ಉಳಿದಿತ್ತು. ವಿಮಾನ ಐನೂರು ಅಡಿಗೆ ಬಂತು. "ಐನೂರೂ... ಒಂದು ಸಲ! ಐನೂರೂ... ಎರಡು ಸಲ!" ಅಂತ ಮಾವ ರಾಗ ಎಳೆದರು. ಮಾವ ಮೂರು ಸಲ ಮುಗಿಸುವವರೆಗೆ ಕಾಯಲು ವಿಮಾನವೇನು ತೆಂಗಿನಕಾಯಿ ರಾಶಿಯೇ? ಅದು ನೂರು ದಾಟಿ ಐವತ್ತು ದಾಟಿ ನೆಲಕ್ಕೆ ಅಪ್ಪಳಿಸಿ ಹೊತ್ತಿಕೊಂಡಿತು. ಆ ಹೊಗೆಯೊಳಗಿಂದ ಮಾವನವರ ದನಿ ಮಾತ್ರ ಖಣಿಖಣಿಯಾಗಿ ಬಂತು. "ಐವತ್ತೂ... ಮೂರು ಸಲ! ಹೋಯ್ತು!"

೩. ಅಮ್ಮನ ಲೆಕ್ಕ

ಅಷ್ಟರಲ್ಲಿ ಕುಣಿಗಲ್ ಕಡೆಯ ನಮ್ಮ ಹಳ್ಳಿಯಿಂದ ಅಮ್ಮ ರಾಗಿ ಹಿಟ್ಟು ಹೊತ್ತುಕೊಂಡು ಬಂದಳು. ಕೊನೆಯ ಹತ್ತು ಅಡಿಗಳನ್ನು ಒಂದೊಂದಾಗಿ ಎಣಿಸಲು ಅವಳನ್ನು ಕೂರಿಸಿದೆ. ಚೆನ್ನಾಗಿಯೇ ಹೇಳಿದಳು. ಹತ್ತು, ಒಂಬತ್ತು ಅಂತ ಇಳಿದು ಇಳಿದು ಮೂರು, ಎರಡಕ್ಕೆ ಬಂದಳು. ಆಮೇಲೆ "ಲಾಭ" ಅಂದಳು.

ನಮ್ಮ ಕಡೆ ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. "ಅಮ್ಮ, ಒಂದು ಅನ್ನು" ಅಂದೆ. "ಏನ್ಲಾ ಮಗ, ನಿಮ್ಮಪ್ಪ ಅಳೀವಾಗ್ಲೂ ಲಾಭ, ನಿಮ್ಮಜ್ಜ ಅಳೀವಾಗ್ಲೂ ಲಾಭ. ನಿನ್ ಇಮಾನಕ್ಕೆ ನಾನ್ ಸಂಪ್ರದಾಯ ಬುಡ್ಲಾ?" ಅಂದಳು.

ಆ ಸಂಜೆ ವಿಮಾನ ಮೂರು, ಎರಡು ಅಂತ ಇಳಿದು, ಒಂದು ರೆಕ್ಕೆ ಮುರಿದು, ಚಕ್ರ ಕಿತ್ತು ಪಕ್ಕಕ್ಕೆ ಮಗುಚಿತು. ಅಮ್ಮನ ದನಿ ಬಲು ತೃಪ್ತಿಯಿಂದ "ಲಾಭ!" ಅಂದಿತು.

೪. ಹೋಲ್ಡಾನ್!

ರೆಕಾರ್ಡಿನ ಸಹವಾಸವೇ ಬೇಡ, ಜೀವಂತ ಮನುಷ್ಯನನ್ನೇ ಪಕ್ಕದಲ್ಲಿ ಕೂರಿಸೋಣ ಅನ್ನಿಸಿತು. ಪಕ್ಕದ ಮನೆಯವರು ತುಮಕೂರು–ಕುಣಿಗಲ್ ಖಾಸಗಿ ಬಸ್ಸಿನ ಕಂಡಕ್ಟರ್. ಕರೆದ ಕೂಡಲೇ ಬಂದರು. ಕೊರಳಲ್ಲಿ ಸೀಟಿ ಬೇರೆ! ವೇಗದ ಮುಳ್ಳು ತೋರಿಸಿದೆ. "ನಲವತ್ತು ಸಾರ್, ಐವತ್ತು ಸಾರ್, ರೈಟ್ ರೈಟ್!" ಅಂತ ಎಷ್ಟು ಹುರುಪಿನಿಂದ ಹೇಳಿದರೆಂದರೆ, ಕೊನೆಗೂ ನನಗೆ ತಕ್ಕ ಕೋ-ಪೈಲಟ್ ಸಿಕ್ಕ ಅಂತ ನನ್ನ ಕಣ್ಣು ತುಂಬಿ ಬಂತು.

ವಿಮಾನ ಇನ್ನೇನು ನೆಲ ಬಿಡಬೇಕು, ಸೀಟಿ ಊದಿ "ಹೋಲ್ಡಾನ್! ಹೋಲ್ಡಾನ್!" ಅಂತ ಕಿರುಚಿದರು. ನಾನು ಬೆಚ್ಚಿ ಬ್ರೇಕು ಹಾಕಿದೆ. ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ನುಗ್ಗಿ ಬೇಲಿಗೆ ಗುದ್ದಿತು.

"ಏನಾಯ್ತ್ರೀ?"

"ಹಿಂದೆ ನೋಡಿ ಮೇಷ್ಟ್ರೇ, ಎರಡು ಸೀಟೂ ಖಾಲಿ ಅವೆ. ಹಿಂಗೆ ಎತ್ಕೊಂಡ್ ಹೋದ್ರೆ ಓನರ್ರು ಬಯ್ಯಲ್ವಾ?"

೫. ಯುಗಾದಿಯ ದಿನ

ಹಬ್ಬಕ್ಕೆ ಉಳಿದದ್ದು ಒಂದೇ ಸಂಜೆ. ಬೇರೆ ದಾರಿ ಕಾಣದೆ ಹೆಂಡತಿಯ ಕಾಲಿಗೇ ಬಿದ್ದೆ. ಎದುರಾಳಿಯನ್ನೇ ಕೋ-ಪೈಲಟ್ ಮಾಡಿಕೊಂಡಂತಾಯಿತು. ಅವಳಿಗೆ ಪುರುಸೊತ್ತಿರಲಿಲ್ಲ, ಅಡುಗೆಮನೆಯಲ್ಲೇ ಫೋನು ಹಿಡಿದು ಅಂಕಿಗಳನ್ನು ಪಟಪಟ ರೆಕಾರ್ಡು ಮಾಡಿ ಕೊಟ್ಟಳು. ಸರಿಯಾಗಿ ಕೇಳಿಸಿಕೊಳ್ಳಲೂ ಪುರುಸೊತ್ತಿಲ್ಲದೆ ನಾನು ಹಾಗೇ ಕಂಪ್ಯೂಟರಿಗೆ ತುಂಬಿಸಿದೆ.

ಮಾರನೆಯ ದಿನ ಹೋಳಿಗೆ ಊಟ ಮುಗಿಸಿ ಎಲ್ಲರೂ ರೂಮಿಗೆ ಬಂದರು. ಮಾವ, ಅಮ್ಮ, ಸೀಟಿ ಸಮೇತ ಕಂಡಕ್ಟರು. ಹೆಂಡತಿ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ನನ್ನ ಕುರ್ಚಿಯ ಹಿಂದೆ ನಿಂತಳು. ಮಷೀನು ಎಲ್ಲಿಡಬೇಕು ಅಂತ ಆಗಲೇ ಗೋಡೆ ನೋಡುತ್ತಿದ್ದಳು.

ವಿಮಾನ ರನ್‌ವೇಗೆ ನೇರವಾಗಿ ಇಳಿಯತೊಡಗಿತು. ಕಂಪ್ಯೂಟರಿನಿಂದ ಅವಳ ದನಿ ಬಂತು. "ರೀ, ಸಾವಿರ." ಕೈ ತಾನಾಗಿ ಸರಿಹೋಯಿತು. "ರೀ, ಐನೂರು. ಸ್ಪೀಡ್ ಜಾಸ್ತಿಯಾಯ್ತು, ನಿಧಾನ." ನಿಧಾನ ಮಾಡಿದೆ. ಸ್ಕೂಟರಿನ ಹಿಂದೆ ಕೂತು ಹೇಳುವ ಅದೇ ದನಿ! ಇಷ್ಟು ಚೆನ್ನಾಗಿ ನಾನು ಯಾವತ್ತೂ ಇಳಿಸಿರಲಿಲ್ಲ.

"ನೂರು... ಅಯ್ಯೋ, ಹಾಲು ಉಕ್ತು, ಓಡ್ರೀ!"

ನಾನು ಜಾಯ್‌ಸ್ಟಿಕ್ ಬಿಟ್ಟು ಅಡುಗೆಮನೆಗೆ ಓಡಿದೆ.

ಓಡುವಾಗ ಅವಳು ನನ್ನ ಹಿಂದೆಯೇ ನಿಂತಿದ್ದಾಳೆ ಅನ್ನುವುದು ತಲೆಗೆ ಬರಲಿಲ್ಲ. ಕೈಯಲ್ಲಿ ಇಕ್ಕಳ ಹಿಡಿದು ನೋಡುತ್ತೇನೆ, ಒಲೆ ತಣ್ಣಗಿದೆ, ಪಾತ್ರೆಯೇ ಇಲ್ಲ. ರೆಕಾರ್ಡು ಮಾಡುವಾಗ ಉಕ್ಕಿದ ಹಾಲು ಅದು! ಹೋಯಿತು ನನ್ನ ರೂಮು ಅಂತ ಅಲ್ಲೇ ಕುಸಿದು ಕೂತೆ.

ರೂಮಿನಿಂದ ಚಪ್ಪಾಳೆ ಕೇಳಿಸಿತು. ಕಂಡಕ್ಟರು ಸೀಟಿ ಊದಿದರು. ಅಮ್ಮ "ಲಾಭ, ಲಾಭ!" ಅಂತ ಕೂಗಿದಳು. ಇಕ್ಕಳ ಹಿಡಿದುಕೊಂಡೇ ಓಡಿ ಬಂದು ನೋಡಿದರೆ, ವಿಮಾನ ರನ್‌ವೇಯ ನಟ್ಟನಡುವೆ ಒಂದು ಗೀರೂ ಇಲ್ಲದೆ ನಿಂತಿದೆ! ಇಷ್ಟು ದಿನ ಕೊನೆಯ ನೂರಡಿಯಲ್ಲಿ ನಾನು ಗಾಬರಿಯಿಂದ ಜಾಯ್‌ಸ್ಟಿಕ್ ಜಗ್ಗಾಡುತ್ತಿದ್ದೆನಲ್ಲ, ಅದೇ ವಿಮಾನವನ್ನು ಬೀಳಿಸುತ್ತಿತ್ತು. ಬಿಟ್ಟು ಹೋದ ಕೂಡಲೇ ಅದು ತನ್ನ ಪಾಡಿಗೆ ತಾನು ಇಳಿದುಕೊಂಡಿತ್ತು.

ಎಲ್ಲರೂ ಹೆಂಡತಿಯ ಮುಖ ನೋಡಿದರು. ಅವಳು ಅಳತೆ ಟೇಪು ಸುತ್ತಿ ಮಡಿಚಿದಳು. "ಇಳೀತಲ್ಲ, ಮಾತು ಅಂದ್ರೆ ಮಾತು. ರೂಮು ನಿಮ್ದೇ. ಆದ್ರೆ ಒಂದು ಕಂಡೀಷನ್ನು. ದಿನಾ ಸಂಜೆ ನೂರು ಅಂದ ತಕ್ಷಣ ನೀವೆದ್ದು ಒಲೆ ಹತ್ರ ಬರ್ಬೇಕು."

ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ವಿಮಾನವೂ ಬಿದ್ದಿಲ್ಲ. ಹಾಲೂ ಉಕ್ಕಿಲ್ಲ.