ರೆಕಾರ್ಡಿನೊಳಗಿನ ಒನ್ಸ್ ಮೋರ್

ನಾನು ಯಾವುದನ್ನೂ ಸುಲಭಕ್ಕೆ ನಂಬುವ ಆಸಾಮಿಯಲ್ಲ. ಎರಡು ವಿಶ್ವವಿದ್ಯಾಲಯಗಳು ವರ್ಷಗಟ್ಟಲೆ ಕೂರಿಸಿಕೊಂಡು ನನಗೆ ಕಲಿಸಿದ್ದೇ ಅದನ್ನು. ಜಾತಕ, ವಾಸ್ತು, ವಾಟ್ಸ್ಯಾಪಿನಲ್ಲಿ ಬರುವ ಮೆಂತ್ಯದ ಮಹಿಮೆ, ಯಾವುದನ್ನು ಹೇಳಿದರೂ ‘ಆಧಾರ ಏನು?’ ಎಂದು ಕೇಳಿಬಿಡುತ್ತೇನೆ. ಹೀಗಾಗಿ ಚಿಕಾಗೋ ಪಕ್ಕದ ಲೊಂಬಾರ್ಡಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸತ್ಯನಾರಾಯಣ ಪೂಜೆ ಮಾಡಿಸುವವರು ನನಗೆ ಮಾತ್ರ ‘ನೀವು ಊಟದ ಹೊತ್ತಿಗೆ ಬಂದರೂ ಸಾಕು’ ಎನ್ನುತ್ತಾರೆ. ಇಂಥ ನಾನು ಹತ್ತು ವರ್ಷ ಒಂದೇ ಒಂದು ಸಂಗತಿಯನ್ನು ಆಧಾರವಿಲ್ಲದೆ ನಂಬಿದ್ದೆ. ಅದು ನನ್ನನ್ನೇ ಕುರಿತದ್ದಾದ್ದರಿಂದ ಆಧಾರ ಬೇಕೆನಿಸಿರಲಿಲ್ಲ.

ಇಂಗ್ಲೆಂಡಿನ ಒಬ್ಬ ಹಿರಿಯ ಬ್ಲೂಸ್ ಗಾಯಕರು. ಹೆಸರು ಬೇಡ, ಅಭಿಮಾನಿಗಳು ಜಗಳಕ್ಕೆ ಬರುತ್ತಾರೆ. ಒಂದು ತಂಡ ಕಟ್ಟಿಕೊಂಡು ಊರೂರು ಸುತ್ತುವವರು. ಇಲ್ಲಿಯ ಕಪ್ಪು ಜನರ ಸಂಕಟದಲ್ಲಿ ಹುಟ್ಟಿದ ಸಂಗೀತವನ್ನು ಲಂಡನ್ನಿನಲ್ಲಿ ಕಲಿತು ಚಿಕಾಗೋಕ್ಕೇ ತಂದು ನುಡಿಸುವುದೆಂದರೆ, ದಾವಣಗೆರೆಯವರಿಗೆ ಬೆಣ್ಣೆದೋಸೆ ಹುಯ್ಯುವುದನ್ನು ಹೇಳಿಕೊಟ್ಟ ಹಾಗೆ. ಅದನ್ನು ಮೈಸೂರಿನಿಂದ ಬಂದ ನಾನು ಕಣ್ಣು ಮುಚ್ಚಿ, ತೊಡೆ ತಟ್ಟಿಕೊಂಡು ಕೇಳುವುದು ಇನ್ನೂ ದೊಡ್ಡ ತಮಾಷೆ. ಈ ಯಜಮಾನರಿಗೆ ಸ್ಟುಡಿಯೊ ಎಂದರೆ ಅಷ್ಟಕ್ಕಷ್ಟೆ. ಹೋದ ಊರಿನಲ್ಲೆಲ್ಲ ಕಛೇರಿಯನ್ನೇ ರೆಕಾರ್ಡು ಮಾಡಿಸಿ ಹೊರತರುತ್ತಾರೆ. ಅದರಲ್ಲಿ ಕೆಮ್ಮು, ಬಾಟಲಿ ಉರುಳಿದ ಸದ್ದು, ಗಿಟಾರಿನ ಶ್ರುತಿ ಸರಿಮಾಡಿಕೊಳ್ಳುವ ಮೂರು ನಿಮಿಷ ಎಲ್ಲವೂ ಇರುತ್ತದೆ. ಇಂಥ ಹನ್ನೊಂದು ರೆಕಾರ್ಡು ನನ್ನಲ್ಲಿವೆ. ಹನ್ನೊಂದರಲ್ಲೂ ಹೆಚ್ಚುಕಡಿಮೆ ಅವೇ ಹಾಡುಗಳು. ಅವುಗಳ ನಡುವಿನ ಸೂಕ್ಷ್ಮ ವ್ಯತ್ಯಾಸವನ್ನು ಅತಿಥಿಗಳಿಗೆ ವಿವರಿಸುತ್ತೇನೆ. ನನಗೂ ಅದು ಕೇಳಿಸುವುದಿಲ್ಲ.

ಆದರೆ ಏಳನೆಯ ರೆಕಾರ್ಡಿನ ಮಾತೇ ಬೇರೆ. ಅದು ಚಿಕಾಗೋದ ಕಛೇರಿಯದು. ನಾನು, ನನ್ನ ಹೆಂಡತಿ ವಸುಧಾ, ಮಿಶಿಗನ್ನಿನ ವಿಕ್ಸಮ್‌ನಿಂದ ಬಂದಿದ್ದ ಗೆಳೆಯ ಇಕ್ಬಾಲ್, ಮೂವರೂ ಅದಕ್ಕೆ ಹೋಗಿದ್ದೆವು. ಅದರಲ್ಲಿ ಎರಡನೆಯ ಹಾಡಿಗೆ ಯಜಮಾನರು ಮೌತ್ ಆರ್ಗನ್ ನುಡಿಸಿ ನಿಲ್ಲಿಸುತ್ತಾರೆ. ಚಪ್ಪಾಳೆಯ ನಡುವೆ ಒಂದು ದನಿ ‘ಒನ್ಸ್ ಮೋರ್!’ ಎಂದು ಕೂಗುತ್ತದೆ. ಅಮೆರಿಕನ್ನರು ಹಾಗೆ ಕೂಗುವವರಲ್ಲ. ಅದು ಕಂಪನಿ ನಾಟಕ ನೋಡಿ ಬೆಳೆದವರ ಗಂಟಲು. ಅಲ್ಲಿ ಒನ್ಸ್ ಮೋರ್ ಬಿದ್ದರೆ ಸತ್ತ ರಾಜನೂ ಎದ್ದು ಕೂತು, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸಾಯಬೇಕು. ರೆಕಾರ್ಡಿನಲ್ಲಿ ಯಜಮಾನರು ನಕ್ಕು ‘ಆಲ್‌ರೈಟ್, ಲವ್’ ಎಂದು ಮತ್ತೆ ನುಡಿಸುತ್ತಾರೆ. ಆ ದನಿ ನನ್ನದು. ಸ್ವಲ್ಪ ತೆಳ್ಳಗೆ ಕೇಳುತ್ತದಲ್ಲ ಎಂದವರಿಗೆ ಮೈಕು ದೂರವಿತ್ತು ಎನ್ನುತ್ತಿದ್ದೆ. ‘ಲವ್’ ಯಾಕೆ ಎಂದವರಿಗೆ, ಬ್ರಿಟಿಷರು ಬಸ್ ಕಂಡಕ್ಟರನಿಗೂ ಹಾಗೇ ಅನ್ನುತ್ತಾರೆ ಎಂದು ತಿಳಿಸುತ್ತಿದ್ದೆ.

ಈ ಖ್ಯಾತಿ ಹಬ್ಬಿ, ಇಲ್ಲೇ ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್ ಊರಿನ ಕನ್ನಡ ಗೆಳೆಯರು ಯುಗಾದಿ ಕಾರ್ಯಕ್ರಮದಲ್ಲಿ ನನಗೆ ಹತ್ತು ನಿಮಿಷ ಕೊಟ್ಟರು. ಮಕ್ಕಳ ಫ್ಯಾನ್ಸಿ ಡ್ರೆಸ್ಸಿಗೂ ಬಿಸಿಬೇಳೆಬಾತಿಗೂ ನಡುವೆ. ‘ಅಮೆರಿಕದ ರೆಕಾರ್ಡಿನಲ್ಲಿ ಕನ್ನಡಿಗನ ಕೂಗು’ ಎಂದು ಆಹ್ವಾನಪತ್ರಿಕೆಯಲ್ಲಿ ನನ್ನ ಫೋಟೊ ಸಮೇತ ಹಾಕಿದರು. ಅದು ಇಕ್ಬಾಲನ ಫೋನಿಗೂ ಹೋಯಿತು. ಕಾರ್ಯಕ್ರಮಕ್ಕೆ ಒಂದು ವಾರವಿದ್ದಾಗ, ಭಾನುವಾರ ಮಧ್ಯಾಹ್ನ, ಇನ್ನೂರ ಎಂಬತ್ತು ಮೈಲಿ ಡ್ರೈವ್ ಮಾಡಿಕೊಂಡು ಬಂದು ಶೂ ಕೂಡ ಬಿಚ್ಚದೆ ಬಾಗಿಲಲ್ಲೇ ನಿಂತ.

“ಏನ್ರೀ ಡಾಕ್ಟರ್ ಸಾಹೇಬ್ರ, ಹತ್ತು ವರ್ಷ ಸುಮ್ನಿದ್ದೆ. ಈಗ ಪ್ರಿಂಟ್ ಬ್ಯಾರೆ ಹಾಕ್ಸೀರಿ. ಆ ಕೂಗು ನಂದು.”

“ಆಧಾರ ಏನು?” ಎಂದೆ.

“ಆಧಾರ? ನಮ್ಮಪ್ಪ ನಾಟಕದ ಟೆಂಟಿನ ಮುಂದ ಸೋಡಾ ಮಾರ್ತಿದ್ದ. ಒನ್ಸ್ ಮೋರ್ ನನ್ನ ರಕ್ತದಾಗ ಐತಿ. ನೀವು ಮೈಸೂರಿನವ್ರು, ಮದುವೀ ಮನ್ಯಾಗ ಇನ್ನೊಂದು ಹೋಳಿಗಿ ಕೇಳಾಕೂ ನಾಚ್ಕೋತೀರಿ!”

ಈ ಮಾತು ಸ್ವಲ್ಪ ತಾಗಿತು. ರೆಕಾರ್ಡು ಹಾಕಿದೆ. ಕೂಗು ಬಂತು. ‘ನಾನು’ ಎಂದ ಇಕ್ಬಾಲ್. ‘ನಾನು’ ಎಂದೆ. ಮತ್ತೆ ಹಾಕಿದೆವು. ಹೀಗೆ ಆರೇಳು ಸಲ ಆಗುವಷ್ಟರಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸೋಫಾದಲ್ಲಿ ಬಿದ್ದುಕೊಂಡಿದ್ದ ನನ್ನ ಮಗಳು ಅನಘಾ ಅದನ್ನು ಕಿತ್ತು, “ಡ್ಯಾಡ್, ಆರ್ ಯು ಸೀರಿಯಸ್? ದಟ್ಸ್ ಅಮ್ಮ. ಷಿ ಕಾಲ್ಸ್ ಅಸ್ ಫಾರ್ ಡಿನ್ನರ್ ಎಕ್ಸಾಕ್ಟ್ಲಿ ಲೈಕ್ ದಟ್” ಎಂದಳು.

ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು. ವಸುಧಾ ಸೌಟು ಹಿಡಿದೇ ಹೊರಗೆ ಬಂದಳು.

“ಹೂಂ, ನಾನೇ. ನೀವು ಪಾರ್ಕಿಂಗ್ ಹುಡುಕ್ತಾ ಸುತ್ತುತ್ತಿದ್ರಿ. ಇಕ್ಬಾಲ್ ಭಾಯಿ ಪಿಜ್ಜಾ ಲೈನಲ್ಲಿದ್ರು. ನಾನು ಒಂದು ಕುರ್ಚಿ ಮೇಲೆ ಕೋಟು, ಇನ್ನೊಂದರ ಮೇಲೆ ಶಾಲು ಹಾಕಿ, ಬಂದವರ ಹತ್ರ ಎಲ್ಲಾ ಜಗಳ ಆಡಿ ಸೀಟು ಹಿಡ್ಕೊಂಡಿದ್ದೆ.”

ಸಂದೇಹವಾದಿ ಅಷ್ಟು ಬೇಗ ಸೋಲುವುದಿಲ್ಲ. “ರೆಕಾರ್ಡಿನಲ್ಲಿ ಹಾಡುಗಳನ್ನ ಹಿಂದುಮುಂದು ಮಾಡಿರ್ತಾರೆ. ಅದು ಎರಡನೇ ಹಾಡೇ ಅಂತ ಹೇಗೆ ಹೇಳ್ತೀಯ?” ಎಂದೆ.

“ನೀವು ಬಂದ್ಮೇಲೆ ಅವರು ಮೌತ್ ಆರ್ಗನ್ ಮುಟ್ಟಿದ್ರಾ? ಅದು ತಪ್ಪಿಹೋಯ್ತು ಅಂತ ಮನೆ ಸೇರೋವರೆಗೂ ಕಾರಲ್ಲಿ ಗೊಣಗಿದ್ದು ಯಾರು ರೀ?”

ಗೊಣಗಿದ್ದು ನೆನಪಾಯಿತು. ಕಾರಿನ ಹೀಟರ್ ಕೂಡ ನೆನಪಾಯಿತು. ಇಕ್ಬಾಲ್ ಮೆಲ್ಲಗೆ ಬಗ್ಗಿ ಶೂ ಬಿಚ್ಚತೊಡಗಿದ.

“ಹತ್ತು ವರ್ಷ ಯಾಕೆ ಹೇಳಲಿಲ್ಲ?” ಎಂದು ಕೇಳಿದೆ.

“ಪಾರ್ಟೀಲಿ ಹೇಳ್ಕೊಳ್ಳೋಕೆ ನಿಮಗೆ ಇನ್ನೇನಿತ್ತು?” ಎಂದು ಒಳಗೆ ಹೋದಳು. ಮರುಕ್ಷಣ ಅಲ್ಲಿಂದಲೇ ‘ಊಟ!’ ಎಂಬ ಕೂಗು ಬಂತು. ಏಳನೆಯ ರೆಕಾರ್ಡು, ಎರಡನೆಯ ಹಾಡು, ಅನುಮಾನವೇ ಇಲ್ಲ.

ಆ ವಾರ ನನಗೆ ಕೆಟ್ಟ ವಾರ. ಜ್ವರ ಎಂದು ಹೇಳಿ ತಪ್ಪಿಸಿಕೊಳ್ಳುವ ಯೋಚನೆ ಎರಡು ಸಲ ಬಂತು. ಕೊನೆಗೆ ಧೈರ್ಯ ಮಾಡಿ ಹೋದೆ. ವೇದಿಕೆ ಹತ್ತಿ, ಫೋಟೊದಲ್ಲಿರುವವನು ಕೂಗಿದವನಲ್ಲ, ಕೂಗಿದ್ದು ನನ್ನ ಹೆಂಡತಿ ಎಂದು ಒಪ್ಪಿಕೊಂಡು ರೆಕಾರ್ಡು ಕೇಳಿಸಿದೆ. ನನಗೆ ಎಂದೂ ಬೀಳದಂಥ ಚಪ್ಪಾಳೆ ಬಿತ್ತು. ವಸುಧಾಳನ್ನು ಎಬ್ಬಿಸಿ ನಿಲ್ಲಿಸಿದರು. ಆಗ ಒಬ್ಬ ಆಂಟಿ, “ಅವ್ರು ಹಾಗೆ ಕೂಗಿದಾಗ ನಿಮಗೆ ಹೇಗನ್ನಿಸ್ತು?” ಎಂದು ಕೇಳಿದರು.

“ಪಕ್ಕದಲ್ಲೇ ಕೂತಿದ್ನಲ್ಲ, ಬೆಚ್ಚಿಬಿದ್ದೆ. ಕೈಯಲ್ಲಿದ್ದ ಕೋಕ್ ಪೂರ್ತಿ ಚೆಲ್ಲಿಹೋಯ್ತು” ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ತಣ್ಣನೆಯ ಒದ್ದೆ ಮಂಡಿಯ ಮೇಲೆ ಈಗಲೂ ಗೊತ್ತಾಗುತ್ತದೆ. ವಸುಧಾ ನನ್ನನ್ನೇ ನೋಡುತ್ತ ‘ಪಾರ್ಕಿಂಗ್?’ ಎಂದು ತುಟಿಯಲ್ಲೇ ಕೇಳಿದಳು. ಅಷ್ಟರಲ್ಲಿ ಮುಂದಿನ ಸಾಲಿನಿಂದ, ಮತ್ತೆ ಅಷ್ಟು ದೂರ ಡ್ರೈವ್ ಮಾಡಿಕೊಂಡು ಬಂದಿದ್ದ ಇಕ್ಬಾಲ್ ತಲೆಯಾಡಿಸುತ್ತ, “ಹೌದ್ರೀ, ನನ್ನ ಪ್ಯಾಂಟಿನ ಮ್ಯಾಲೂ ಬಿತ್ತು” ಎಂದ. ಸಾಕ್ಷಿ ಕೂಡ ಸಿಕ್ಕಮೇಲೆ ನಾನಾದರೂ ಹೇಗೆ ಅನುಮಾನಪಡಲಿ?